ಮಣ್ಣಚಿಪ್ಪಿನ ಸದ್ದು

ನನ್ನ ಬಾಯಿ ಚಲೋದಲ್ಲ. ನಾನೇ ಹೇಳಿಕೊಂಡುಬಿಟ್ಟರೆ ಉಳಿದವರಿಗೆ ಆ ಶ್ರಮ ತಪ್ಪುತ್ತದೆ. ಮೂವತ್ತೊಂದು ವರ್ಷ ಅಂಕೋಲೆಯ ಶಾಲೆಗಳಲ್ಲಿ ಮಕ್ಕಳಿಗೆ ಮಗ್ಗಿ ಹೇಳಿಕೊಟ್ಟ ಬಾಯಿ ಇದು. ಶೆಟಗೇರಿಯ ನಮ್ಮ ಮನೆಯಲ್ಲಿ ಇದಕ್ಕೆ ಹೆದರದೆ ಇರುವುದು ಬೆಕ್ಕು ಮಾತ್ರ ಎಂದು ಗಂಡ ಮಧುಕರ ಹೇಳುತ್ತಾರೆ. ಈ ಬಾಯಿ ಹೀರಾ ಎಂಬ ಒಬ್ಬ ಹೆಂಗಸಿನ ಅನ್ನವನ್ನು ಹೇಗೆ ಕಿತ್ತುಕೊಂಡಿತು ಎಂಬುದನ್ನು ಬರೆದಿಡಬೇಕಾಗಿದೆ. ಬರೆಯದೆ ಇದ್ದರೆ ನನಗೆ ಊಟ ಸೇರುವುದಿಲ್ಲ.

ಹೀರಾ ಮಂಜಗುಣಿಯವಳು. ಗಂಗಾವಳಿ ನದಿ ಕಡಲಿಗೆ ಸೇರುವಲ್ಲಿ, ನೀರು ಇಳಿದಾಗ ಸೊಂಟದ ತನಕ ಕೆಸರಿನಲ್ಲಿ ನಿಂತು ಬಳಚು ಆರಿಸುತ್ತಾಳೆ. ನಾವು ಸುಕ್ಕ ಮಾಡಿ ಉಣ್ಣುವ ಆ ಚಿಪ್ಪಿನ ಜೀವಿಯನ್ನು ಅವಳು ಕಣ್ಣಿನಿಂದ ಹುಡುಕುವುದಿಲ್ಲ, ಕಾಲಿನ ಬೆರಳುಗಳಿಂದ ಹುಡುಕುತ್ತಾಳೆ. ವಯಸ್ಸು ಐವತ್ತೆರಡು. ಹನ್ನೊಂದನೆಯ ವಯಸ್ಸಿನಲ್ಲಿ ಅವಳ ಅವ್ವಿ ತಿಮ್ಮಿ ಅವಳನ್ನು ನದಿಗೆ ಇಳಿಸಿದಳಂತೆ. ಅಂದಿನಿಂದ ವಾರಕ್ಕೆ ಮೂರು ದಿನ ಅಂಕೋಲೆಯ ಮೀನುಪೇಟೆಗೆ ಬುಟ್ಟಿ ಹೊತ್ತು ಬರುವುದೇ ಅವಳ ಬದುಕು. ಅವಳ ಗಂಡ ತುಳಸಿದಾಸ ಕಾರವಾರದ ಬೋಟುಗಳಲ್ಲಿ ದುಡಿದವನು. ಆರು ವರ್ಷದ ಹಿಂದೆ ಬೈತಖೋಲ್ ಬಂದರಿನಲ್ಲಿ ಬೋಟಿನಿಂದ ಜಾರಿ ಬಿದ್ದು ಸೊಂಟ ಮುರಿದುಕೊಂಡ. ಈಗ ಮನೆಯ ಜಗಲಿಯಲ್ಲಿ ಕುಳಿತು ಬೇರೆಯವರ ಹರಿದ ಬಲೆ ಹೊಲಿಯುತ್ತಾನೆ, ಮತ್ತು ಬೈಯುತ್ತಾನೆ. ಬೈಗುಳದಲ್ಲಿ ಅವನು ನನ್ನನ್ನೂ ಮೀರಿಸಿದವನು.

ಬಳಚಿನ ವ್ಯಾಪಾರದಲ್ಲಿ ಒಂದು ಕಷ್ಟವಿದೆ. ಕೆಲವು ಚಿಪ್ಪುಗಳು, ಒಳಗಿನ ಜೀವ ಎಂದೋ ಸತ್ತು, ಕಪ್ಪು ಕೆಸರು ತುಂಬಿಕೊಂಡು, ಬಾಯಿ ಮುಚ್ಚಿಕೊಂಡೇ ಇರುತ್ತವೆ. ಅದಕ್ಕೆ ಮಣ್ಣಚಿಪ್ಪು ಎನ್ನುತ್ತಾರೆ. ನೋಡಿದರೆ ಗೊತ್ತಾಗುವುದಿಲ್ಲ, ತೂಕದಲ್ಲೂ ಗೊತ್ತಾಗುವುದಿಲ್ಲ. ಒಲೆಯ ಮೇಲೆ ಬಿಸಿ ತಾಗಿದಾಗ ಅದು ಬಾಯಿ ಬಿಡುತ್ತದೆ, ಒಂದೇ ಒಂದು ಸಾಕು, ಇಡೀ ಪಾತ್ರೆಯ ಪದಾರ್ಥ ಕೊಳೆತ ಕೆಸರಾಗುತ್ತದೆ. ಅದನ್ನು ಹಿಡಿಯುವ ಉಪಾಯ ಸದ್ದು ಮಾತ್ರ. ಎರಡು ಚಿಪ್ಪು ತೆಗೆದು ಒಂದಕ್ಕೊಂದು ಬಾರಿಸಬೇಕು. ಜೀವ ಇದ್ದರೆ ಟಕ್ ಎನ್ನುತ್ತದೆ, ಮಣ್ಣಿದ್ದರೆ ದಬ್ ಎನ್ನುತ್ತದೆ. ಹೀರಾ ಮಾತಾಡುತ್ತಲೇ ಬಾರಿಸುತ್ತಾ, ದಬ್ ಎಂದದ್ದನ್ನು ಬೆನ್ನ ಹಿಂದಕ್ಕೆ ಎಸೆಯುತ್ತಿದ್ದಳು. ಅವಳು ಗುಡ್ಡೆ ಹಾಕಿ ಮಾರುವ ಪಾಲಿನಲ್ಲಿ ಮಣ್ಣು ಸಿಕ್ಕಿತು ಎಂದವರನ್ನು ಇಪ್ಪತ್ತು ವರ್ಷದಲ್ಲಿ ನಾನು ಕಂಡಿಲ್ಲ.

ಹಾಗಾಗಿಯೇ, ಸಂಕ್ರಾಂತಿ ಕಳೆದ ವಾರ ನಮ್ಮ ಮಗಳು ಪ್ರೇಕ್ಷಾಳನ್ನು ನೋಡಲು ಕಾರವಾರದಿಂದ ಜನ ಬರುತ್ತಾರೆ ಎಂದಾಗ, ನಾನು ಹೀರಾಳ ಹತ್ತಿರವೇ ನಾಲ್ಕು ಪಾಲು ಬಳಚು ತಂದೆ. ಹುಡುಗನ ತಾಯಿಗೆ ಬಳಚೆಂದರೆ ಜೀವವಂತೆ. ಬಡಿಸಿದೆ. ಆಕೆ ಮೊದಲ ತುತ್ತು ಬಾಯಿಗಿಟ್ಟು ಕಣ್ಣು ಮುಚ್ಚಿದರು. ರುಚಿಗೆ ಮುಚ್ಚಿದ್ದೆಂದು ತಿಳಿದು ನಾನು ಹಿಗ್ಗಿದೆ. ಆಮೇಲೆ ಆಕೆ ಎದ್ದು ಹಿತ್ತಲಿಗೆ ಹೋಗಿ ಉಗುಳುವ ಸದ್ದು ಕೇಳಿಸಿತು. ಒಬ್ಬೊಬ್ಬರೇ ಎದ್ದರು. ಹಲ್ಲಿನಲ್ಲಿ ಕರಕರ, ಮೂಗಿಗೆ ಚರಂಡಿಯ ನಾತ. ಜಾತಕ ಕೂಡಿಬರಲಿಲ್ಲ ಎಂದು ನಾಲ್ಕು ದಿನದ ಮೇಲೆ ಫೋನು ಬಂತು. ಜಾತಕವನ್ನು ಅವರು ಎರಡು ತಿಂಗಳ ಹಿಂದೆಯೇ ನೋಡಿದ್ದರು.

ಪ್ರೇಕ್ಷಾ ಅಳಲಿಲ್ಲ. ಅವಳಿಗೆ ಆ ಹುಡುಗ ಅಷ್ಟೇನೂ ಹಿಡಿಸಿರಲಿಲ್ಲ ಎಂದು ಆಮೇಲೆ ಹೇಳಿದಳು. ಉರಿದದ್ದು ನಾನು. ಮಾರನೆಯ ಬೆಳಿಗ್ಗೆಯೇ ಮೀನುಪೇಟೆಗೆ ಹೋದೆ. ಹೀರಾ ಎಂದಿನ ಜಾಗದಲ್ಲಿ, ಬಂಗಡೆ ಮಾರುವ ರುಕ್ಮಿಣಿಯ ಬುಟ್ಟಿಯ ಪಕ್ಕ ಕೂತಿದ್ದಳು. ಪೇಟೆ ತುಂಬಿತ್ತು. ನಾನು ದನಿ ತಗ್ಗಿಸಲಿಲ್ಲ. ನೀನು ಮಣ್ಣು ಮಾರಿ ಹೊಟ್ಟೆ ಹೊರೆಯುವವಳು ಎಂದೆ. ನನ್ನ ಮಗಳ ಬದುಕಿಗೆ ಕೆಸರು ಎರಚಿದೆ ಎಂದೆ. ನಿನ್ನ ಅವ್ವಿ ತಿಮ್ಮಿ ಬದುಕಿದ್ದರೆ ನಿನ್ನನ್ನು ಹೆತ್ತದ್ದಕ್ಕೆ ನಾಚಿ ಸಾಯುತ್ತಿದ್ದಳು ಎಂದೆ. ಇನ್ನೂ ಏನೇನೋ ಎಂದೆ.

ಹೀರಾ ನನ್ನ ಮುಖ ನೋಡಿ ನಕ್ಕಳು. ನಕ್ಕು, ಮೆತ್ತಗೆ, "ಎಷ್ಟ್ ಪಾಲು ಕೊಡ್ಲಿ ಅಕ್ಕೋರೇ?" ಎಂದಳು.

ಸುತ್ತಲಿನವರು ಗೊಳ್ಳೆಂದರು. ನನ್ನ ತಲೆ ಕೆಟ್ಟಿತು. ಇವಳ ಸೊಕ್ಕು ನೋಡಿ, ಇನ್ನು ಯಾರೂ ಇವಳ ಹತ್ತಿರ ಬಳಚು ಕೊಳ್ಳಬೇಡಿ ಎಂದು ಇಡೀ ಪೇಟೆಗೆ ಕೇಳುವ ಹಾಗೆ ಹೇಳಿ, ಅವಳು ಹಾಕಿಟ್ಟಿದ್ದ ಪಾಲನ್ನು ಕಾಲಿನಿಂದ ಸರಿಸಿ ಹೊರಟೆ. ಹೌದು, ಕಾಲಿನಿಂದ. ಗೇಟಿನ ಹತ್ತಿರ ರುಕ್ಮಿಣಿ ಓಡಿಬಂದು ನನ್ನ ಸೆರಗು ಹಿಡಿದಳು.

"ಅಕ್ಕೋರೇ, ಹೀರಾಗೆ ಕಿವಿ ಕೇಳೂದಿಲ್ಲ. ವರ್ಷದ ಮೇಲಾಯ್ತು. ಯಾರಿಗೂ ಹೇಳ್ಬೇಡ ಅಂತ ನಂಗೆ ಆಣೆ ಹಾಕಿತ್ತು. ಈಗ ಬರೀ ಕೈಯಂದಾಜಿನ ಮೇಲೆ ಆರಿಸ್ತಾ ಇತ್ತು. ಎಂತ ಮಾಡೂದು ಹೇಳಿ, ಕೂತ್ ಉಂಬೂ ಮನೆ ಅಲ್ಲ ಅದು."

ಒಳ್ಳೆಯ ಮನುಷ್ಯಳಾಗಿದ್ದರೆ ನಾನು ಅಲ್ಲಿಂದಲೇ ಹಿಂದಿರುಗಬೇಕಿತ್ತು. ಹೋಗಲಿಲ್ಲ. ಕೇಳದವಳು ಮಾರಲು ಯಾಕೆ ಕೂರಬೇಕು ಎಂದು ನನಗೆ ನಾನೇ ವಾದ ಹೂಡಿಕೊಂಡು ಬಸ್ಸು ಹತ್ತಿದೆ. ನನ್ನ ಮಾತು ಮಾತ್ರ ಪೇಟೆಯಲ್ಲೇ ಉಳಿದು ಕೆಲಸ ಮಾಡಿತು. ವಾರದೊಳಗೆ ಜನ ಅವಳ ಬುಟ್ಟಿ ಕಂಡರೆ 'ಕಿವುಡಿ ಬಳಚು' ಎಂದು ದಾಟಿ ಹೋಗತೊಡಗಿದರು. ಫೆಬ್ರವರಿಯಲ್ಲಿ ಅವಳ ಜಾಗ ಖಾಲಿಯಾಯಿತು. ಅಲ್ಲಿ ಯಾರೋ ಪ್ಲಾಸ್ಟಿಕ್ ಚೀಲ ಮಾರುವವನು ಕೂತ.

ಶಿವರಾತ್ರಿಯ ಮರುದಿನ ಬಂಗಡೆ ಕೊಳ್ಳಲು ಹೋದಾಗ ರುಕ್ಮಿಣಿ ನನ್ನ ಮುಖ ನೋಡದೆ ಮೀನು ಹಾಕಿದಳು. ಹೀರಾ ಹೇಗಿದ್ದಾಳೆ ಎಂದೆ. "ಅದೆ. ನದಿಯಿಂದ ಎದ್ದು ಬಂತು, ಅಷ್ಟೇ" ಎಂದಳು. ಮುಂದಿನ ಗಿರಾಕಿಯ ಕಡೆ ತಿರುಗಿದಳು. ನಾನು ಬಂಗಡೆಯ ಚೀಲ ಹಿಡಿದುಕೊಂಡೇ ಮಂಜಗುಣಿಯ ರಿಕ್ಷಾ ಹತ್ತಿದೆ.

ಜಗಲಿಯಲ್ಲಿ ತುಳಸಿದಾಸ ಬಲೆಯ ರಾಶಿಯ ನಡುವೆ ಕೂತಿದ್ದ. ನಾನು ಯಾರೆಂದು ಹೇಳಿದೆ. ಬೈಯುತ್ತಾನೆ ಎಂದುಕೊಂಡಿದ್ದೆ, ಬೈದಿದ್ದರೆ ಚೆನ್ನಾಗಿತ್ತು. ಅವನು ಚಾಪೆ ತೋರಿಸಿ, ನಡೆದದ್ದನ್ನು ಹೇಳಿದ.

ಬಳಚು ಆರಿಸುವ ಹೆಂಗಸರು ನದಿಯ ನಡುವಿನ ಮರಳದಿಬ್ಬದ ತನಕ ಹೋಗುತ್ತಾರೆ. ಉಬ್ಬರ ತಿರುಗಿತೆಂದರೆ ಒಬ್ಬಳು ಕೂ ಹಾಕುತ್ತಾಳೆ, ಎಲ್ಲರೂ ದಡಕ್ಕೆ ಏಳುತ್ತಾರೆ. ಶಿವರಾತ್ರಿಗೆ ಎರಡು ದಿನ ಮೊದಲು, ಸಂಜೆ ಮುಂದಾಗಿ, ಉಳಿದವರು ಎದ್ದು ಬಂದರೂ ಹೀರಾ ದಿಬ್ಬದಲ್ಲೇ ಉಳಿದಳು. ಅವಳಿಗೆ ಕೂ ಕೇಳಿರಲಿಕ್ಕಿಲ್ಲ ಎಂದು ಅವರು ದಡದಿಂದ ಕೈ ಬೀಸಿದರು. ಅವಳು ಬೆನ್ನು ಹಾಕಿ ನಿಂತಿದ್ದಳು. ಸುದ್ದಿ ಕೇಳಿ ತುಳಸಿದಾಸ ಜಗಲಿಯಿಂದ ಇಳಿದು, ಎರಡು ಕೋಲಿನ ಮೇಲೆ, ಆರು ವರ್ಷದಲ್ಲಿ ಮೊದಲ ಸಲ ದಡದ ತನಕ ಹೋದನಂತೆ.

ಅಷ್ಟರಲ್ಲಿ ಹೀರಾ ಒಳಗಿನಿಂದ ಬಂದಳು. ಬಡವಾಗಿದ್ದಳು. ನನ್ನನ್ನು ಕಂಡು ಅದೇ ನಗು ನಕ್ಕಳು. ನಾವು ಏನು ಮಾತಾಡುತ್ತಿದ್ದೇವೆ ಎಂದು ಗಂಡನ ಬಾಯಿಯ ಮೇಲಿಂದಲೇ ತಿಳಿದಳೋ ಏನೋ, ತಾನೇ ಹೇಳಿದಳು.

"ನೀರು ಬಂದದ್ದು ಗೊತ್ತಿತ್ತು ಅಕ್ಕೋರೇ. ಕಾಲಿಗೆ ಗೊತ್ತಾಗದೇ ಇರ್ತದ್ಯಾ? ಏಳೂಕೆ ಮನಸ್ಸಾಗ್ಲಿಲ್ಲ. ದಿನಾ ಮೊದಲ ಚಿಪ್ಪನ್ನ ದೇವ್ರಿಗೆ ಅಂತ ನದಿಗೇ ವಾಪಸ್ ಹಾಕೂದು ನಮ್ಮ ಅವ್ವಿ ಕಾಲದಿಂದ. ಅವತ್ತು ಹಾಕ್ಲಿಲ್ಲ. ಎಂತಕ್ಕೆ ಹಾಕ್ಬೇಕು? ದೇವಸ್ಥಾನಕ್ಕೆ ಹೋಗಿ ಗಂಟೆ ಹೊಡೆದ್ರೆ ಗಂಟೇನೂ ಮಾತಾಡೂದಿಲ್ಲ. ದೇವ್ರು ನನ್ನ ಕೂಡೆ ಮಾತು ಬಿಟ್ಟದೆ, ನಾನೂ ಬಿಟ್ಟೆ ಅಂತ ನಿಂತೆ. ಎದೆ ಮಟ ಬಂತು ನೀರು."

ನನಗೆ ಕೇಳುವುದು ಬೇಡವಾಗಿತ್ತು. ಎದ್ದು ಹೋಗಲೂ ಆಗಲಿಲ್ಲ.

"ಸುಮ್ನೆ ತಿರುಗಿ ನೋಡ್ದೆ. ಇವ್ರು ದಡದಾಗೆ ನಿಂತದ್ದು ಕಾಣ್ತು. ಬಾಯಿ ಇಷ್ಟಗಲ ತೆಗೆದು, ಕೋಲು ಎತ್ತಿ ಬೈತಾ ಇದ್ರು. ಅಕ್ಕೋರೇ, ಒಂದು ವರ್ಷದಿಂದ ನಾ ದೇವ್ರಿಗೆ ದಿನಾ ಕೈ ಮುಗೀತಿದ್ದೆ, ನನ್ ಗಂಡ ಬೈಯೂದು ಬಿಟ್ಟ, ಮೆತ್ತಗಾದ, ನಿನ್ ಉಪಕಾರ ಅಂತ. ಅವ್ರು ಬಿಟ್ಟೇ ಇರ್ಲಿಲ್ಲ. ಬಲೆ ಮೇಲೆ ತಲೆ ಬಗ್ಗಿಸಿ ಬೈತಿದ್ರು, ಬಾಯಿ ಕಾಣ್ತಿರ್ಲಿಲ್ಲ. ನಂಗೇ ಕೇಳ್ತಿರ್ಲಿಲ್ಲ. ನೀರಾಗೆ ನಿಂತು ನಗು ಬಂತು. ಅಷ್ಟು ದೂರ ಬಂದು ಎಂತದು ಬೈತಾರೆ, ಹತ್ರ ಹೋಗಿ ನೋಡ್ವಾ ಅನ್ನಿಸ್ತು. ಎದ್ದು ಬಂದೆ."

ತುಳಸಿದಾಸ ಬಲೆಯ ಗಂಟಿನ ಮೇಲೆ ಬಗ್ಗಿದ. "ಎಂತ ಬೈದೆ ಅಂತ ನಂಗೇ ನೆನಪಿಲ್ಲ" ಎಂದ.

ತಪ್ಪಾಯಿತು ಎನ್ನಲು ಅಂದು ನನ್ನ ನಾಲಿಗೆ ಹೊರಳಲಿಲ್ಲ. ಜೋರಾಗಿ ಹೇಳಿದರೆ ಓಣಿಗೆಲ್ಲ ಕೇಳುತ್ತದೆ, ಮೆಲ್ಲಗೆ ಹೇಳಿದರೆ ಅವಳಿಗೆ ಕೇಳುವುದಿಲ್ಲ ಎಂದು ನೆಪ ಹುಡುಕಿದೆ. ಅದರ ಬದಲು, ಬಂಗಡೆಯ ಚೀಲ ಅವಳ ಕೈಯಲ್ಲಿಟ್ಟು, ಸೋಮವಾರ ಕಾರವಾರಕ್ಕೆ ಬಾ, ಕಿವಿ ತೋರಿಸುವಾ ಎಂದು ಕೈಸನ್ನೆ ಮಾಡಿದೆ. ಅವಳು ಬೇಡ ಎಂದಳು. ಆಗಲೇ ತುಳಸಿದಾಸ ನಿಜವಾಗಿ ಬೈದದ್ದು. ಮನೆಯ ಮಾಡು ಹಾರುವ ಹಾಗೆ ಬೈದ. ಅವಳು ಅವನ ಬಾಯಿಯನ್ನೇ ನೋಡುತ್ತಾ, ಬತ್ತೆ ಎಂದು ತಲೆ ಆಡಿಸಿದಳು.

ಕಾರವಾರದ ಆಸ್ಪತ್ರೆಯಲ್ಲಿ ನಮ್ಮ ಸರದಿ ಬರುವ ಹೊತ್ತಿಗೆ ಹನ್ನೆರಡು ದಾಟಿತ್ತು. ಡಾಕ್ಟರು ಸಣ್ಣ ವಯಸ್ಸಿನ ಹೆಣ್ಣುಮಗಳು. ಎರಡು ಕವಲಿನ ಒಂದು ಉಕ್ಕಿನ ಕಡ್ಡಿಯನ್ನು ಮೇಜಿಗೆ ಬಡಿದು ಹೀರಾಳ ಕಿವಿಯ ಹತ್ತಿರ ಹಿಡಿದರು. ಹೀರಾ ನಕ್ಕಳು, ಅಂದರೆ ಏನೂ ಕೇಳಲಿಲ್ಲ. ಮತ್ತೆ ಬಡಿದು ಕಡ್ಡಿಯ ಬುಡವನ್ನು ಕಿವಿಯ ಹಿಂದಿನ ಎಲುಬಿಗೆ ಒತ್ತಿದರು. ಹೀರಾಳ ನಗು ನಿಂತಿತು. ಅವಳು ಡಾಕ್ಟರ ಕೈಯನ್ನು ಎರಡೂ ಕೈಯಿಂದ ಹಿಡಿದುಕೊಂಡಳು, ತೆಗೆಯಲು ಬಿಡಲಿಲ್ಲ.

"ಗುಂಯ್ ಅಂತದೆ" ಎಂದಳು. "ತಲೆ ಒಳಗೆ. ಗಂಟೆ ಹಾಂಗೆ."

ಕಿವಿಯ ಒಳಗೆ ಅಕ್ಕಿಕಾಳಿನಷ್ಟು ಸಣ್ಣ ಎಲುಬು ಇರುತ್ತದೆ, ಅದು ಬಿಗಿದುಕೊಂಡಿದೆ, ನರ ಮಾತ್ರ ಚೆನ್ನಾಗಿದೆ ಎಂದು ಡಾಕ್ಟರು ನನಗೆ ಬಿಡಿಸಿ ಹೇಳಿದರು. ಗಾಳಿಯ ದಾರಿ ಮುಚ್ಚಿದೆ, ಎಲುಬಿನ ದಾರಿ ತೆರೆದಿದೆ. ಹುಬ್ಬಳ್ಳಿಯಲ್ಲಿ ಆಪರೇಶನ್ ಆಗುತ್ತದೆ, ಸರದಿ ಬರಲು ಮಳೆಗಾಲ ಕಳೆಯಬೇಕು, ಕೇಳಿಯೇ ಕೇಳುತ್ತದೆ ಎಂದು ಭರವಸೆ ಕೊಡಲಾಗದು ಎಂದರು. ಕಿವಿಗೆ ಹಾಕುವ ಮಿಷನ್ ನದಿಯ ನೀರಿನಲ್ಲಿ ಉಳಿಯುವುದಿಲ್ಲ. ಮಳೆಗಾಲ ಕಳೆಯುವ ತನಕ ಈ ಮನೆ ಏನು ಉಣ್ಣಬೇಕು ಎಂಬುದಕ್ಕೆ ಡಾಕ್ಟರ ಹತ್ತಿರ ಚೀಟಿ ಇರಲಿಲ್ಲ. ಹೊರಗೆ ಬೆಂಚಿನ ಮೇಲೆ ಕೂತು ಇದನ್ನೆಲ್ಲ ಕಾಗದದಲ್ಲಿ ಬರೆದು ತೋರಿಸಿದೆ. ಮೂರನೇ ಇಯತ್ತೆ ತನಕ ಓದಿದವಳು, ಬೆರಳಿಟ್ಟು ಓದಿದಳು. ಓದಿ ಕಾಗದ ಮಡಚಿ ಸೊಂಟಕ್ಕೆ ಸಿಕ್ಕಿಸಿಕೊಂಡಳು. ನನಗೆ ಎಲ್ಲ ಮುಗಿಯಿತು ಅನ್ನಿಸಿತು.

ಬಸ್ಸು ಬಿಣಗಾ ದಾಟುವಾಗ ನೋಡುತ್ತೇನೆ, ಹೀರಾ ಮುಂದಿನ ಸೀಟಿನ ಕಬ್ಬಿಣದ ಸರಳಿಗೆ ಹಲ್ಲು ಊರಿಕೊಂಡು ಕೂತಿದ್ದಾಳೆ. ಕಂಡಕ್ಟರ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ಇವಳಿಗೆ ತಲೆಯೂ ಕೆಟ್ಟಿತಲ್ಲ ದೇವರೇ ಎಂದು ನಾನು ಅವಳ ಭುಜ ಅಲುಗಿಸಿದೆ.

"ಬಸ್ಸು ಕೇಳ್ತದೆ ಅಕ್ಕೋರೇ" ಎಂದಳು. ಕಣ್ಣಲ್ಲಿ ನೀರಿತ್ತು. "ಎಂಜಿನ್ನು ಗುರ್ರ್ ಅಂಬೂದು ಹಲ್ಲಾಗೆ ಕೇಳ್ತದೆ."

ನನಗೆ ಆಗಲೂ ಹೊಳೆಯಲಿಲ್ಲ. ಮೂವತ್ತೊಂದು ವರ್ಷ ಪಾಠ ಮಾಡಿದವಳಿಗೆ ಹೊಳೆಯದ್ದು ಮೂರನೇ ಇಯತ್ತೆಯವಳಿಗೆ ಹೊಳೆದಿತ್ತು. ಮಾರನೆಯ ದಿನದಿಂದ ಅವಳು ಒಂದು ಚಿಪ್ಪನ್ನು ಹಲ್ಲಿನಲ್ಲಿ ಕಚ್ಚಿ ಹಿಡಿದು, ಅದಕ್ಕೆ ಇನ್ನೊಂದನ್ನು ಬಾರಿಸಿ ಕೇಳತೊಡಗಿದಳು.

ಅದು ಸಲೀಸಾಗಲಿಲ್ಲ. ಕೈಗೆ ನಲವತ್ತು ವರ್ಷದ ಅಭ್ಯಾಸ, ಹಲ್ಲಿಗೆ ಒಂದು ದಿನದ್ದೂ ಇಲ್ಲ. ಮೊದಲ ವಾರ ನಾನು ಹೋದಾಗ ಜಗಲಿಯಲ್ಲಿ ಎರಡು ರಾಶಿ ಇತ್ತು. ಒಳ್ಳೆಯದೆಂದು ಅವಳು ಬೇರೆ ಇಟ್ಟ ನೂರನ್ನು ತುಳಸಿದಾಸ ಕೋಲಿನಿಂದ ಒಡೆದು ನೋಡಿದ, ಹದಿನಾಲ್ಕು ಮಣ್ಣು. ಅವಳು ತುಟಿ ಒಡೆದುಕೊಂಡಿದ್ದಳು. ಮುಂದಿನ ಹಲ್ಲೊಂದು ಅಲುಗಾಡುತ್ತಿತ್ತು. ಆ ದಿನ ಅವಳು ಚಿಪ್ಪನ್ನೆಲ್ಲ ಅಂಗಳಕ್ಕೆ ಸುರಿದು ಒಳಗೆ ಹೋಗಿ ಗೋಡೆಯ ಕಡೆ ಮುಖ ಮಾಡಿ ಮಲಗಿದಳು. ನಾನು ಹೊಸಿಲಿನಲ್ಲಿ ನಿಂತೆ. ಕರೆದರೆ ಕೇಳದವಳನ್ನು ಹೇಗೆ ಕರೆಯುವುದು? ತುಳಸಿದಾಸ ತೆವಳುತ್ತಾ ಒಳಗೆ ಹೋಗಿ ಅವಳ ಪಕ್ಕ ಕೂತು, ತನ್ನ ಹಣೆಯನ್ನು ಅವಳ ಹಣೆಗೆ ಒತ್ತಿ ಹಿಡಿದು ಮಾತಾಡಿದ. ಎಲುಬಿನ ದಾರಿ ಎಂದು ನಾನು ಬರೆದ ಕಾಗದವನ್ನು ಅವನೂ ಓದಿಸಿಕೊಂಡಿದ್ದ. ಏನು ಹೇಳಿದನೋ ನನಗೆ ಕೇಳಲಿಲ್ಲ. ಬೈದನೆಂದೇ ನನ್ನ ಲೆಕ್ಕ. ಅವಳು ಎದ್ದು ಬಂದು ಚಿಪ್ಪುಗಳನ್ನು ಮತ್ತೆ ಆರಿಸಿದಳು.

ಹದಿನಾಲ್ಕು ಒಂಬತ್ತಾಯಿತು, ಒಂಬತ್ತು ನಾಲ್ಕಾಯಿತು. ಯುಗಾದಿಯ ಹೊತ್ತಿಗೆ ಸತತ ಮೂರು ದಿನ ಒಂದೂ ಇರಲಿಲ್ಲ. ಮರುದಿನ ನದಿಗೆ ಇಳಿದಾಗ ಮೊದಲ ಚಿಪ್ಪನ್ನು ಹಲ್ಲಿಗಿಟ್ಟು ಬಾರಿಸಿ, ಕೇಳಿ, ನೀರಿಗೆ ಬಿಟ್ಟಳಂತೆ.

"ಅದನ್ನೂ ನೋಡಿಯೇ ಹಾಕ್ಬೇಕಾ?" ಎಂದು ಬರೆದು ಕೇಳಿದೆ.

"ಮತ್ತೆ? ಮನುಷ್ಯರಿಗೆ ಮಣ್ಣು ಕೊಟ್ಟು ಒಂದ್ಸಲ ಅನುಭವ್ಸಿದ್ದು ಸಾಕು. ದೇವ್ರಿಗೂ ಕೊಡ್ಲಾ?"

ಏಪ್ರಿಲ್ ಎರಡನೇ ವಾರ ಅವಳು ಪೇಟೆಗೆ ಬಂದಳು. ಪ್ಲಾಸ್ಟಿಕ್ ಚೀಲದವನನ್ನು ರುಕ್ಮಿಣಿ ಮೊದಲೇ ಜಗಳ ಮಾಡಿ ಎಬ್ಬಿಸಿದ್ದಳು. ನಾನು ಹೋಗುವಾಗ ಹತ್ತೂವರೆ. ಹೀರಾಳ ಮುಂದೆ ಪಾಲುಗಳು ಹಾಕಿದ ಹಾಗೇ ಇದ್ದವು. ಜನ ಬರುತ್ತಿದ್ದರು, ಅವಳು ಚಿಪ್ಪು ಕಚ್ಚಿ ಬಾರಿಸುವುದನ್ನು ಕಂಡು ಬಾಯಿಗೆ ಸೆರಗು ಇಟ್ಟುಕೊಂಡು ನಕ್ಕು ಮುಂದೆ ಹೋಗುತ್ತಿದ್ದರು. ಎಂಜಲು ಮಾಡಿ ಮಾರ್ತದೆ ಎಂದಳು ಒಬ್ಬಳು. ಕಚ್ಚುವ ಚಿಪ್ಪು ಒಂದೇ, ಅದು ಮಾರುವುದಲ್ಲ, ಬಾರಿಸುವುದು ಬೇರೆ ಎಂದು ಕೂಗಿ ಹೇಳಬೇಕೆಂದು ನನ್ನ ಬಾಯಿ ತೆರೆಯಿತು. ಆದರೆ ಈ ಪೇಟೆ ನನ್ನ ಕೂಗನ್ನು ಒಮ್ಮೆ ಕೇಳಿಯಾಗಿದೆ.

ನಾನು ಹೋಗಿ ಆ ಒದ್ದೆ ನೆಲದ ಮೇಲೆ, ಅವಳ ಎದುರು, ಸೀರೆ ಎತ್ತಿಕೊಳ್ಳದೆ ಕೂತೆ. ಅವಳ ತಲೆ ಹಿಡಿದು ಹಣೆಗೆ ಹಣೆ ತಾಗಿಸಿದೆ. ಅವಳ ಹಣೆ ಉಪ್ಪುಪ್ಪಾಗಿತ್ತು. "ತಪ್ಪಾಯ್ತು ಹೀರಾ" ಎಂದೆ. "ನಾನು ಬಹಳ ಬೈದೆ."

ಹೀರಾ ಹಣೆ ತೆಗೆಯಲಿಲ್ಲ. ಸುತ್ತಲೂ ಜನ ನಿಂತದ್ದು ನನ್ನ ಬೆನ್ನಿಗೆ ಗೊತ್ತಾಗುತ್ತಿತ್ತು.

"ಬೈದ್ರಿ ಅಂತ ಮುಖ ನೋಡಿ ಗೊತ್ತಾಯ್ತು" ಎಂದಳು. "ಎಂತ ಅಂದ್ರಿ ಗೊತ್ತಾಗ್ಲಿಲ್ಲ. ಗೊತ್ತಾಗದೇ ಇದ್ದಾಗ ನಗೂದು ನನ್ ರೂಢಿ. ಮೂರು ತಿಂಗಳಿಂದ ಅದನ್ನೇ ಯೋಚ್ನೆ ಮಾಡ್ತೆ ಅಕ್ಕೋರೇ. ಕೇಳದ ಬೈಗುಳ ದಿನಾ ದೊಡ್ಡದಾಗ್ತಾ ಹೋಗ್ತದೆ. ನದೀಲಿ ನಿಂತಾಗ್ಲೂ ಅದೇ ತಲೇಲಿತ್ತು. ಅವತ್ತು ಏನಂದ್ರೋ ಅದನ್ನೇ ಇನ್ನೊಂದ್ಸಲ ಹೇಳಿ."

ಬೇಡ ಎಂದೆ. ಹೇಳಿ ಎಂದಳು. ಹೇಳಿದೆ. ಅದೇ ಮಾತುಗಳನ್ನು, ಅದೇ ಜಾಗದಲ್ಲಿ, ಅವಳ ಹಣೆಗೆ ಹಣೆ ಒತ್ತಿ ಒಂದೊಂದಾಗಿ ಹೇಳುವುದು ಎಂದರೆ ಏನೆಂದು ನನ್ನ ವೈರಿಗೂ ಗೊತ್ತಾಗದಿರಲಿ. ಮಣ್ಣು ಮಾರುವವಳು ಎಂದೆ. ಮಗಳ ಬದುಕಿಗೆ ಕೆಸರು ಎಂದೆ. ತಿಮ್ಮಿಯ ಮಾತಿಗೆ ಬಂದೆ. ಅದೊಂದನ್ನು ಬಿಡಬಹುದಿತ್ತು, ಅವಳಿಗೇನು ಗೊತ್ತಾಗುತ್ತಿತ್ತು. ಬಿಡಲಿಲ್ಲ. "ನಿನ್ನ ಅವ್ವಿ ಇದ್ದಿದ್ರೆ ನಾಚಿ ಸಾಯ್ತಿದ್ಲು ಅಂದೆ" ಎಂದೆ.

ಅವಳ ಉಸಿರು ನನ್ನ ಮುಖಕ್ಕೆ ತಾಗುತ್ತಿತ್ತು.

"ಅದು ಖರೇ ಅದೆ" ಎಂದಳು. "ಅವ್ವಿ ನಾಚ್ತಿತ್ತು. ಕೇಳೂದಿಲ್ಲ ಅಂತ ಮುಚ್ಚಿಟ್ಟು ಮಾರಿದ್ದು ನಾನು. ಇಷ್ಟೇಯಾ? ಮತ್ತೇನೂ ಇಲ್ಲಲ?"

"ಇಷ್ಟೇ."

"ನಮ್ಮನೆಯವ್ರು ಇದಕ್ಕಿಂತ ಚಲೋ ಬೈತಾರೆ ಬಿಡಿ" ಎಂದು ಹಣೆ ತೆಗೆದು, ಚಿಪ್ಪನ್ನು ಹಲ್ಲಿಗಿಟ್ಟುಕೊಂಡು, ನನ್ನ ಪಾಲು ಬಾರಿಸತೊಡಗಿದಳು. ರುಕ್ಮಿಣಿ ಮೂಗು ಒರೆಸಿಕೊಳ್ಳುತ್ತಾ ಜನರನ್ನು ಗದರಿದಳು, ಎಂತ ನೋಡ್ತ್ರಿ, ಬಳಚು ಬೇಕಾದ್ರೆ ಸಾಲು ಹಿಡೀರಿ ಎಂದು. ಇಬ್ಬರು ನಿಂತರು. ಇಬ್ಬರೇ.

ಮನೆಗೆ ಬಂದು ಬಳಚು ತೊಳೆಯುವಾಗ, ಮನಸ್ಸು ಕೇಳದೆ, ನಾನೂ ಎರಡೆರಡು ತೆಗೆದು ಬಾರಿಸಿ ನೋಡಿದೆ. ಕೊನೆಯ ಹಿಡಿಯಲ್ಲಿ ಒಂದು, ದಬ್ ಎಂದಿತು. ಮತ್ತೆ ಬಾರಿಸಿದೆ. ದಬ್. ಅದನ್ನು ಹಿತ್ತಲಿಗೆ ಒಯ್ದು ತೆಂಗಿನ ಬುಡದ ಮಣ್ಣಿನಲ್ಲಿ ಹೂತು, ಕೈ ತೊಳೆದು ಬಂದು ಒಲೆ ಹಚ್ಚಿದೆ.

ಊಟಕ್ಕೆ ಕೂತಾಗ ಮಧುಕರ ತಟ್ಟೆಯನ್ನು ಅನುಮಾನದಿಂದ ನೋಡಿದರು. "ಹೀರಾನ ಬಳಚಾ? ಮಣ್ಣು ಎಷ್ಟಿತ್ತು?" ಎಂದರು.

"ಒಂದೂ ಇರ್ಲಿಲ್ಲ" ಎಂದೆ. "ಸುಮ್ನೆ ಉಣ್ಣಿ."